ದಗಾದ ಮೇಲಿನ ಚುಕ್ಕಿ

ಜೂನ್ 12, ಗುರುವಾರ. ಮಧ್ಯಾಹ್ನ

ಛಾಪಿಸುವ ಸ್ಕ್ರೀನ್ ಫ್ರೇಮಿನ ಬಟ್ಟೆಗೆ ಎಮಲ್ಷನ್ ದ್ರಾವಣ ಎಳೆದು ಜೋಳದ ಕಣಜದ ಹಿಂದೆ ಒಣಗಲು ಇಟ್ಟೆ. ಬೆಳಕು ತಾಗದಂತೆ ಮೇಲೆ ಎರಡು ಕಂಬಳಿ. ಅತ್ತೆ ಎರಡು ಸಲ ಎತ್ತಿ ನೋಡಿದರು. ಮೂರನೇ ಸಲ ಕೈ ಹಿಡಿದೆ. "ಕೋಳಿ ಕಾವಿಗಿ ಕುಂದ್ರಿಸಿದಂಗ ಮಾಡ್ತೀಯಲ್ಲ" ಅಂದರು.

ಶನಿವಾರದೊಳಗೆ ಅರವತ್ತು ಪೋಸ್ಟರ್ ಆಗಬೇಕು. ಸೋಮವಾರ ಸಾಲಿ ಸುರು. ಅಂಗಡಿ ಚೀಲ, ಲಗ್ನಪತ್ರಿಕೆ ಛಾಪಿಸುವಾಗ ಎದೆ ಹೀಗೆ ಹೊಡೆದುಕೊಳ್ಳುವುದಿಲ್ಲ. ಇಂಥದ್ದಕ್ಕೆ ಮಾತ್ರ.

ಚಿತ್ರ ಸಿದ್ದಾರೂಢ ಸರ್ ಬರೆದದ್ದು. ಗಡಿಯಾಚೆ ಮರಾಠಿ ರಾಜ್ಯಕ್ಕೆ ಸೇರಿದ ನಮ್ಮ ವಸ್ತಿಯ ಕನ್ನಡ ಸಾಲಿಯಲ್ಲಿ ಕಂತ್ರಾಟಿ ಮಾಸ್ತರ. ಮೂವರಲ್ಲಿ ಕನ್ನಡ ಬರುವುದು ಅವರೊಬ್ಬರಿಗೇ. ಉಳಿದಿಬ್ಬರು ಮೇಲಿನ ಆರ್ಡರ್ ಮೇಲೆ ಬಂದ ಮರಾಠಿಯವರು, ಪಾಪ, ಒಳ್ಳೆಯವರೇ. ಆದರೆ ಹೋದ ವರ್ಷ ಆದದ್ದು ಆಯಿತಲ್ಲ — ಅವರು "ಬಸಾ" ಅಂದಾಗಲೆಲ್ಲ ಒಂದನೇ ಇಯತ್ತೆಯ ಬಸಮ್ಮ ಎದ್ದು ನಿಲ್ಲುತ್ತಿದ್ದಳು. ಮರಾಠಿಯಲ್ಲಿ ಅದಕ್ಕೆ ಕುಳಿತುಕೊಳ್ಳಿ ಅಂತ ಅರ್ಥ. ಮನೆಯಲ್ಲಿ ಅವಳನ್ನು ಕರೆಯುವುದೇ ಬಸಾ. ಕೂರು ಅಂದಷ್ಟೂ ನಿಂತಳು, ಬೈಸಿಕೊಂಡಳು, ದೀಪಾವಳಿ ಆದ ಮೇಲೆ ಬರಲೇ ಇಲ್ಲ.

ಅದೇ ಚಿತ್ರ. ಎಲ್ಲ ಮಕ್ಕಳು ಕುಳಿತಿದ್ದಾರೆ, ಒಂದು ಹುಡುಗಿ ನಿಂತಿದ್ದಾಳೆ. ಮೇಲೆ ಕನ್ನಡ: ನಮ್ಮ ಸಾಲಿಗಿ ನಮ್ಮ ಮಾತಿನ ಮಾಸ್ತರ ಬೇಕು. ಕೆಳಗೆ ಮರಾಠಿ, ಸಾಹೇಬರ ಮಂದಿಗೆ: ಶಾಳಾ ಸುರೂ, ದಗಾ ಸುರೂ. ಸಾಲಿ ಸುರು, ಮೋಸ ಸುರು. ಚೆನ್ನಾಗಿದೆ. ಖಾರ ಇದೆ.

ಜೂನ್ 14, ಶನಿವಾರ. ಸಂಜೆ ಐದು

ಮುಗಿಯಿತು. ಅರವತ್ತೆರಡು. ಮೋಡ ಬಂದು ಒಣಗಲು ತಡ. ಹಗ್ಗದ ತುಂಬ ನಿಂತ ಹುಡುಗಿಯರು.

ಇಪ್ಪತ್ತನೇ ಹಾಳೆಯ ಸುಮಾರಿಗೆ ಮರಾಠಿ ಸಾಲಿನ ಮೇಲೆ ಒಂದು ಚುಕ್ಕಿ ಕಂಡಿತು. ಮಸಿ ಸಿಡಿದಿರಬೇಕು... ನಾಳೆ ಚೀಲದ ಆರ್ಡರ್ ಇದೆ, ಇರುವುದು ಒಂದೇ ಒಳ್ಳೆಯ ಫ್ರೇಮ್. ಬ್ಲೀಚಿಂಗ್ ಹಾಕಿ ಪೋಸ್ಟರಿನ ಅಚ್ಚು ಹೋಗುವಂತೆ ತಿಕ್ಕಿ ತೊಳೆದಿಟ್ಟೆ. ಸರ್ ಬಂದು ಕಟ್ಟು ಒಯ್ದರು. ಹಚ್ಚುವ ಕೆಲಸ ಅವರದು.

ಜೂನ್ 16, ಸೋಮವಾರ

10.30 — ತಿಕೋಂಡಿ ಸ್ಟ್ಯಾಂಡಿನಲ್ಲಿ ಜನ ನಿಂತು ನೋಡುತ್ತಿದ್ದಾರಂತೆ. ಸೋನ್ಯಾಳದಲ್ಲೂ. ಅತ್ತೆಗೆ ಖುಷಿ, ಏನೆಂದು ಗೊತ್ತಿಲ್ಲದಿದ್ದರೂ.

1.00 — ಪೊಲೀಸ್ ಪಾಟೀಲ ಅಪ್ಪಾಸಾಹೇಬರು ಬಂದಿದ್ದರು. ಕೈಯಲ್ಲಿ ಕಿತ್ತು ತಂದ ಪೋಸ್ಟರ್. ಕೂರಲಿಲ್ಲ. "ಇದನ್ನ ಓದ್ರಿ, ಮಂಗಲಾಬಾಯಿ."

ಓದಿದೆ. ಶಾಳಾ ಸುರೂ, ದಂಗಾ ಸುರೂ. ಮೋಸ ಹೋಗಿ ದಂಗೆ ಆಗಿತ್ತು.

"ಸಾಲಿ ಸುರು ಆದ ದಿನಾ ದಂಗಾ ಸುರು ಮಾಡ್ತೀವಿ ಅಂತ ಬರದೀರಲ್ಲ. ಠಾಣಾಕ್ಕ ಫೋಟೋ ಹೋಗೇತಿ."

ಕನ್ನಡದ ಸೊನ್ನೆ ಅಕ್ಷರದ ಪಕ್ಕದಲ್ಲಿ ತನ್ನ ಜಾಗ ಹಿಡಿದು ಕೂರುತ್ತದೆ, ತಪ್ಪಿ ಬೀಳುವಂಥದ್ದಲ್ಲ. ಮರಾಠಿಯಲ್ಲಿ ಅದು ತಲೆ ಮೇಲಿನ ಚುಕ್ಕಿ, ಅಷ್ಟೇ. ಸ್ಕ್ರೀನಿನ ಎಮಲ್ಷನ್ ಪದರದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ ಸಾಕು, ಮಸಿ ಇಳಿಯುತ್ತದೆ. ಬಿದ್ದಿದೆ — ಸರಿಯಾಗಿ 'ದ' ತಲೆ ಮೇಲೆ. ಬೇರೆಲ್ಲೂ ಜಾಗ ಸಿಗಲಿಲ್ಲವೇ ಅದಕ್ಕೆ?

ಹೇಳಿದೆ, ತೂತು ಅಂತ. ಅಪ್ಪಾಸಾಹೇಬರು ಫ್ರೇಮ್ ತೋರಿಸಿ ಅಂದರು. ಫ್ರೇಮಿನಲ್ಲಿ ಈಗ ಕಿರಾಣಿ ಅಂಗಡಿಯ ಹೆಸರು.

ಜೂನ್ 17, ಮಂಗಳವಾರ

ಸರ್‌ ಅವರನ್ನು ಠಾಣೆಗೆ ಕರೆಸಿದ್ದರು. ಮೂರು ತಾಸು. ಅಲ್ಲಿಂದ ನೇರ ನಮ್ಮ ಮನೆಗೆ ಬಂದರು, ನೀರು ಕೇಳಿ ಕುಡಿದರು.

ಛಾಪಿಸಿದ್ದೂ ತಾನೇ ಅಂತ ಹೇಳಿದ್ದಾರೆ. ನನ್ನ ಹೆಸರು ಎತ್ತಲಿಲ್ಲ. ಅಪ್ಪಾಸಾಹೇಬರೂ ಹೇಳಿಲ್ಲವಂತೆ.

"ಯಾಕ್ರಿ ಸರ?"

"ಎಲ್ಲಾ ಒಂದ ಹೆಸರಿನ ಮ್ಯಾಲ ಇರಲಿ, ಅಕ್ಕಾರ. ಎರಡ ಹೆಸರ ಬಂದ್ರ ಟೋಳಿ, ಗುಂಪು ಕಟ್ಯಾರ ಅಂತಾರ."

ಈ ತಿಂಗಳ ಮೂವತ್ತಕ್ಕೆ ಅವರ ಕಂತ್ರಾಟು ಮತ್ತೆ ಬರೆಯಬೇಕು. ಕೇಸ್ ಆದರೆ ಬರೆಯುವುದಿಲ್ಲ. ಅವರು ಹೋದರೆ ಆ ಸಾಲಿಯಲ್ಲಿ ಕನ್ನಡ ಬರುವವರು ಗಂಟೆ ಬಾರಿಸುವ ಶಿದ್ರಾಯ ಮಾಮಾ ಒಬ್ಬರೇ. ನಾವು ಬೇಡಿದ್ದೇನು, ಆಗುತ್ತಿರುವುದೇನು.

ಅಪ್ಪಾಸಾಹೇಬರು ಒಂದು ದಾರಿ ಹೇಳಿದ್ದರಂತೆ. ದಂಗಾ ಅಂದರೆ ಹುಡುಗರ ಗದ್ದಲಕ್ಕೂ ಅನ್ನುತ್ತಾರೆ, ಸಾಲಿ ಸುರು ಆತು, ಹುಡುಗರ ಗದ್ದಲ ಸುರು ಆತು — ಹಾಗೇ ಬರೆದುಕೊಡಿ. ಸರ್ ಒಪ್ಪಲಿಲ್ಲ. "ಹಂಗಂದ್ರ ನಾವು ಏನೂ ಕೇಳೇ ಇಲ್ಲ ಅಂದಂಗ ಆತು" ಅಂದರು. ಇಂಥವರ ಜೊತೆ ಏಗುವುದು ಕಷ್ಟ.

ಜೂನ್ 21, ಶನಿವಾರ

ಮೂರು ದಿನ ಏನೂ ಬರೆಯಲಿಲ್ಲ. ಊಟ ಸೇರುತ್ತಿಲ್ಲ. ರಸ್ತೆಯಲ್ಲಿ ಬೈಕ್ ನಿಂತರೆ ಸಾಕು, ಬಾಗಿಲಿಗೆ ಓಡುತ್ತೇನೆ. ಅತ್ತೆ ರೊಟ್ಟಿ ಬಡಿಯುತ್ತ ಅಂದರು, "ಕಳ್ಳನ ಮನಸ ಹುಳ್ಳುಳ್ಳಗ. ಏನ್ ಮುಚ್ಚಿಟ್ಟೀದಿ?"

ನಮ್ಮ ಮನೆಯವರು ಕುರಿ ಹಿಂಡಿನ ಜೊತೆ ಕೃಷ್ಣೆಯ ಕಡೆ. ಫೋನ್ ಮಾಡಿದ್ದರು. "ನಿಂದೇನ್ ತಪ್ಪು, ತೂತ ಬಿದ್ರ?" ಅಂದರು. ಸರ್ ಕೂಡ ಅದನ್ನೇ ಅಂದಿದ್ದು. ಎಲ್ಲರೂ ಅದನ್ನೇ.

ಇಲ್ಲಾದರೂ ನಿಜ ಬರೆಯುತ್ತೇನೆ. ಮಸಿ ಸಿಡಿದದ್ದು ಅಂತ ಹೋದ ಶನಿವಾರ ಬರೆದೆನಲ್ಲ, ಸುಳ್ಳು. ಬೆರಳಿಂದ ಒರೆಸಿ ನೋಡಿದ್ದೆ. ಮುಂದಿನ ಹಾಳೆಯಲ್ಲೂ ಅಲ್ಲೇ ಬಂತು. ತೂತು ಅಂತ ಆಗಲೇ ಗೊತ್ತಾಯಿತು. ಒಂದು ಹನಿ ಎಮಲ್ಷನ್ ಮುಟ್ಟಿಸಿ ಹತ್ತು ನಿಮಿಷ ಬಿಸಿಲಿಗೆ ಹಿಡಿದಿದ್ದರೆ ಮುಚ್ಚುತ್ತಿತ್ತು. ಮಿರಜಿನ ಪ್ರೆಸ್ಸಿನಲ್ಲಿ ಎರಡು ವರ್ಷ ಇದೇ ಕೆಲಸ ಮಾಡಿದವಳು ನಾನು. ಬಿಸಿಲು ಹೋಗುತ್ತಿತ್ತು, ಸೊಂಟ ನೋಯುತ್ತಿತ್ತು. ಓದಿ ನೋಡಲಿಲ್ಲ. ಕೆಳಗಿನ ಸಾಲು ಮರಾಠಿ, ಯಾರು ನೋಡುತ್ತಾರೆ ಅಂದುಕೊಂಡೆ. ನಲವತ್ತು ಹಾಳೆ ಹಾಗೇ ಎಳೆದೆ.

ಅದಕ್ಕಾಗಿ ಸರ್ ಠಾಣೆ ಕಟ್ಟೆ ಹತ್ತುತ್ತಿದ್ದಾರೆ. ನಾಚಿಕೆಯಾಗುತ್ತದೆ.

ಜೂನ್ 22, ಭಾನುವಾರ

ಮೊದಲು ಪರೀಕ್ಷೆಗೆ ಎಳೆದಿದ್ದ ಹಾಳೆಗಳು ಸಿಕ್ಕವು. ಅತ್ತೆ ಶಾವಿಗೆ ಡಬ್ಬಿಯ ತಳಕ್ಕೆ ಹಾಸಿದ್ದರು, ನಾಲ್ಕು. ಒಂದರಲ್ಲೂ ಚುಕ್ಕಿ ಇಲ್ಲ. ದಗಾ, ಸ್ವಚ್ಛವಾಗಿ ದಗಾ. ತೂತು ನಡುವೆ ಬಿತ್ತು ಅನ್ನುವುದಕ್ಕೆ ಸಾಕ್ಷಿ ಆಯಿತಲ್ಲ. ನಾಳೆ ನಾನೇ ಹೋಗುತ್ತೇನೆ. ಅತ್ತೆ ಬರುತ್ತಾರಂತೆ. "ಮಾತಾಡೂದ ನೀ ಮಾತಾಡು. ನಾ ಕುಂತಿರ್ತೀನಿ."

ಜೂನ್ 23, ಸೋಮವಾರ. ಮೂರು ಗಂಟೆ

ಹೋಗಿ ಬಂದೆ. ಠಾಣೆಯ ಸಾಹೇಬರು ಕೂಗಾಡಲಿಲ್ಲ. ಚುಕ್ಕಿ ಇಲ್ಲದ್ದು, ಇದ್ದದ್ದು ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಛಾಪಿಸಿದ್ದು ನಾನು, ಸರ್ ಅಲ್ಲ ಅಂದೆ. ಹವಾಲ್ದಾರರು ಜಬಾಬು ಬರೆದರು, ಮರಾಠಿಯಲ್ಲಿ. ಓದಿ ಹೇಳಿದರು. ಚೂಕ ನಕಳತ ಝಾಲೀ. ತಪ್ಪು ಗೊತ್ತಿಲ್ಲದೆ ಆಯಿತು.

ನಕಳತ. ಆ ಶಬ್ದ ನಾನು ಹೇಳಿರಲಿಲ್ಲ. ಅವರೇ ಹಾಕಿಕೊಂಡರು. ತಿದ್ದಿರಿ ಅನ್ನಲು ಬಾಯಿ ತೆರೆದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಸಹಿ ಮಾಡಿದೆ.

ಜೂನ್ 26, ಗುರುವಾರ. ಸಂಜೆ

ಬೆಳಿಗ್ಗೆ ಅಪ್ಪಾಸಾಹೇಬರು ಬಂದಿದ್ದರು. ಕೇಸ್ ಮಾಡುವುದಿಲ್ಲವಂತೆ, ಕಾಗದ ಮುಚ್ಚುತ್ತಾರಂತೆ. ಒಂದು ಮಾತು ಬಾಕಿ: ಹಚ್ಚುವಾಗ ಮಾಸ್ತರರು ಚುಕ್ಕಿ ನೋಡಿದ್ದರೋ ಇಲ್ಲವೋ. ನೋಡಿದ್ದರೆ ಕೇಸ್ ಆಗುತ್ತದೆ. ಮಾಸ್ತರರು ಅದಕ್ಕೆ ಉತ್ತರ ಕೊಡುತ್ತಿಲ್ಲ, ಸಾಹೇಬರು ನಿಮ್ಮನ್ನೇ ಕೇಳುತ್ತಾರೆ. ನಾಳೆ ಹನ್ನೊಂದಕ್ಕೆ ಬರ್ರಿ ಅಂದರು.

ಇದೇನು ದೊಡ್ಡದು, ನೋಡಿರಲಿಲ್ಲ ಅಂದರಾಯಿತು ಅಂದುಕೊಂಡೆ.

ನಾಲ್ಕಕ್ಕೆ ಸರ್ ಬಂದರು. ಚಹಾ ಕೊಟ್ಟೆ. ಇನ್ನು ತಡೆಯಲು ಆಗಲಿಲ್ಲ, ಹೇಳಿಬಿಟ್ಟೆ. "ಸರ, ಆ ಚುಕ್ಕಿ ನನಗ ಅವತ್ತ ಕಂಡಿತ್ತರಿ. ಕಂಡ ಮ್ಯಾಲೂ ಹಂಗ ಛಾಪಿಸಿದ್ನಿ."

ಬೈಯುತ್ತಾರೆ ಅಂದುಕೊಂಡೆ. ಬಸಿಯಲ್ಲಿದ್ದ ಚಹಾ ಪೂರ್ತಿ ಕುಡಿದರು.

"ನನಗೂ ಕಂಡಿತ್ತರಿ, ಅಕ್ಕಾರ."

"ಯಾವಾಗ?"

"ಸ್ಟ್ಯಾಂಡಿನ್ಯಾಗ. ಮೊದಲನೇದ ಹಚ್ಚಿ ಹಿಂದ ಸರದು ನೋಡಿದ್ನಲ್ಲ, ಆವಾಗ. ಕಿತ್ತಬೇಕಂತ ಕೈ ಹಾಕಿದ್ನಿ. ನಾಕ ವರ್ಷ ಅರ್ಜಿ ಕೊಟ್ಟೇವಿ, ಒಬ್ಬ ಸಾಹೇಬ ಓದಲಿಲ್ಲ. ಇದನ್ನ ಓದ್ತಾರ ಅನಿಸ್ತು. ಹಚ್ಚಗೋತ ಹೋದ್ನಿ."

ಹತ್ತು ದಿನ. ಹತ್ತು ದಿನ ಒಬ್ಬಳೇ ಒಳಗೊಳಗೆ ಸತ್ತೆ. ಇವರು ಇದೇ ಕಟ್ಟೆ ಮೇಲೆ ಕೂತು, ತೂತು ಬಿದ್ರ ನಿಮ್ಮದೇನ್ ತಪ್ಪು ಅಂತ ಸಮಾಧಾನ ಮಾಡಿದರು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಹಾಗೇ ಮುಖಕ್ಕೆ ಅಂದೆ. ತಲೆ ತಗ್ಗಿಸಿದರು. "ನಾಳಿ ಏನ್ ಹೇಳ್ತೀರೋ ಹೇಳ್ರಿ. ನಾ ಬ್ಯಾಡ ಅನ್ನೂದಿಲ್ಲ" ಅಂದು ಚಪ್ಪಲಿ ಮೆಟ್ಟಿದರು. ಬಸಮ್ಮ ಈ ವಾರ ಸಾಲಿಗೆ ಬಂದಿದ್ದಾಳಂತೆ, ಹೋಗುತ್ತ ಹೇಳಿದರು. ಕೇಳಬೇಕಿರಲಿಲ್ಲ ಅದನ್ನು; ಸರ್ ಹೋದರೆ ಅವಳೂ ಸಾಲಿ ಬಿಡುತ್ತಾಳೆ.

ಅತ್ತೆ ಎಲ್ಲ ಕೇಳಿಸಿಕೊಂಡಿದ್ದಾರೆ.

ನಾಳೆ ಹೇಳುವುದನ್ನು ಒಮ್ಮೆ ಇಲ್ಲಿ ಬರೆದು ನೋಡುತ್ತೇನೆ. ಇನ್ನೊಬ್ಬರು ಶಬ್ದ ಹಾಕುವ ಮೊದಲು, ಕನ್ನಡದಲ್ಲಿ, ನನ್ನ ಕೈಯಿಂದಲೇ.

ಪೋಸ್ಟರ್ ಹಚ್ಚುವಾಗ ಸಿದ್ದಾರೂಢ ಸರ್ ಆ ಚುಕ್ಕಿಯನ್ನು