ಮೇಲಂತಸ್ತಿನ ಮೆಟ್ಟಿಲಿಗೆ ಒಂದು ಕಂಬಿ ಹಾಕಿಸಿ

ವಿಶ್ವವಿದ್ಯಾಲಯದ ಕ್ರೀಡಾಂಗಣ ವಿಸ್ತರಣಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಿಮ್ಮ ಮೂರನೆಯ ಅಂತಸ್ತಿನ ಮೆಟ್ಟಿಲುಗಳಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಕಳೆದ ತಿಂಗಳು ನನ್ನ ಅಕ್ಕ ಯೂಲೀನ್ ಅಲ್ಲಿ ಉರುಳಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ತಪ್ಪಿನಲ್ಲಿ ಅರ್ಧ ನಿಮ್ಮದು. ಇನ್ನರ್ಧವನ್ನು ನಾನು ಬೇರೆ ಯಾರ ಮೇಲೂ ಹೊರಿಸಲಾರೆ.

ನಮ್ಮಪ್ಪನ ಕಾಲದಲ್ಲಿ ಈ ಫುಟ್‌ಬಾಲ್ ಕ್ರೀಡಾಂಗಣ ನೆಲದಲ್ಲಿ ತೋಡಿದ ದೊಡ್ಡ ಬೋಗುಣಿಯಂತಿತ್ತು. ರಸ್ತೆಯಿಂದ ಒಳಗೆ ಬಂದವರು ಇಳಿಯುತ್ತಾ ಹೋಗಿ ಕೂರುತ್ತಿದ್ದರು. ಆಟಗಾರನ ಮೊಣಕೈಗೆ ಮೆತ್ತಿದ ಮಣ್ಣೂ ಕಾಣುತ್ತಿತ್ತು. ಆಮೇಲೆ ಎದುರಾಳಿ ಊರಿನವರ ಕ್ರೀಡಾಂಗಣದಲ್ಲಿ ಲಕ್ಷ ಜನ ಕೂರುತ್ತಾರೆಂದು ಗೊತ್ತಾಯಿತು. ನಮಗೆ ನಿದ್ದೆ ಬರುವುದುಂಟೇ? ಬೋಗುಣಿಯ ಅಂಚಿನ ಮೇಲೆ ಸಿರಿವಂತರಿಗಾಗಿ ಗಾಜಿನ ಕೋಣೆಗಳು ಎದ್ದವು, ಅವುಗಳ ನೆತ್ತಿಯ ಮೇಲೆ ನಾವು. ಅಷ್ಟು ಎತ್ತರದಿಂದ ಮೈದಾನ ಕಾಣಬೇಕಾದರೆ ಸಾಲುಗಳನ್ನು ಏಣಿಯಂತೆ ನಿಲ್ಲಿಸಲೇಬೇಕಂತೆ. ಲಿಫ್ಟು ಗಾಜಿನ ಕೋಣೆಗಳವರೆಗೆ ಬಂದು, ಪಾಪ, ಸುಸ್ತಾಗಿ ನಿಂತುಬಿಡುತ್ತದೆ. ಮೆಟ್ಟಿಲಿಗೆ ಕಂಬಿ ಹಾಕಿದರೆ ನೋಟಕ್ಕೆ ಅಡ್ಡ ಬರುತ್ತದೆಂದು ನಿಮ್ಮವರೇ ಹೇಳಿದರು. ಯಾರ ನೋಟಕ್ಕೆ, ಸ್ವಾಮಿ?

ಅಕ್ಕ ಶಾಲೆಯ ಅಡುಗೆಮನೆಯಲ್ಲಿ ದುಡಿದು ಮಂಡಿ ಸವೆಸಿಕೊಂಡವಳು. ಆ ಶನಿವಾರ ಅವಳಿಗೆ ಬರಲು ಮನಸ್ಸಿರಲಿಲ್ಲ.

“ನಾನು ಮನೇಲೇ ಟೀವೀಲಿ ನೋಡ್ತೀನಿ ಕಣೇ ವರ್ನಾ. ಆ ಮೆಟ್ಲು ನೆನೆಸ್ಕೊಂಡ್ರೇ ತಲೆ ತಿರುಗುತ್ತೆ.”

“ಟೀವೀಲಿ ನೋಡೋಕೆ ನೀನೇನು ಆ ಕಡೆ ಊರೋಳಾ? ಏಳು, ಅಂಗಿ ಹಾಕ್ಕೋ. ಕ್ರೀಡಾಂಗಣದ ಹೊರಗೆ ಟ್ರಕ್ಕಿನ ಹಿಂದೆ ಹಂದಿಮಾಂಸ ಸುಡ್ತಿದಾರೆ, ವಾಸನೆ ಇಲ್ಲಿಗೇ ಬರ್ತಿದೆ.”

ಅವಳು ಎದ್ದಳು. ಚಿಕ್ಕಂದಿನಿಂದಲೂ ನನ್ನ ಹಟಕ್ಕೆ ಸೋಲುವುದು ಅವಳ ಅಭ್ಯಾಸ.

ಸೆಪ್ಟೆಂಬರಿನ ಬಿಸಿಲಿಗೆ ಅಲ್ಯೂಮಿನಿಯಂ ಬೆಂಚು ಕಾದ ಹೆಂಚಾಗಿತ್ತು. ಆಟ ಮುಕ್ಕಾಲು ಮುಗಿದಾಗ ಅಕ್ಕ ನನ್ನ ತೋಳು ಮುಟ್ಟಿದಳು.

“ಬಾಯಿ ಒಣಗ್ತಿದೆ ಕಣೇ. ನೀರು ತರೋಣ, ಸ್ವಲ್ಪ ಕೈ ಹಿಡ್ಕೊಂಡು ಇಳಿಸು.”

“ತಡಿಯಕ್ಕಾ, ಗೆರೆ ಹತ್ರ ಬಂದ್ಬಿಟ್ಟಿದಾರೆ!”

“ನೀನು ನೋಡ್ಕೋ ತಾಯಿ,” ಎಂದು ನಕ್ಕು ತಾನೇ ಹೊರಟಳು.

ನಮ್ಮ ಹುಡುಗ ಚೆಂಡನ್ನು ಎದೆಗವುಚಿಕೊಂಡು ಕೊನೆಯ ಗೆರೆ ದಾಟಿದ, ಅಂಕ ನಮ್ಮದಾಯಿತು. ಲಕ್ಷ ಜನ ಒಟ್ಟಿಗೆ ಎದ್ದರು, ಕಾಲಡಿಯ ಕಾಂಕ್ರೀಟು ನಡುಗಿತು. ಎದ್ದವರಲ್ಲಿ ಯಾರದೋ ಮೊಣಕೈ ತಗುಲಿ ಅಕ್ಕ ಮುಗ್ಗರಿಸಿದಳು. ಕೈ ಚಾಚಿದರೆ ಸಿಕ್ಕಿದ್ದು ಗಾಳಿ. ಅವಳು ಕಿರುಚಿದಳಂತೆ. ನಾನೂ ಆಗ ಗಂಟಲು ಹರಿಯುವಂತೆ ಕಿರುಚುತ್ತಿದ್ದೆ, ಸಂತೋಷದಿಂದ.

ಹಿಂದಿನ ಸಾಲಿನವನೊಬ್ಬ ನನ್ನ ಬೆನ್ನು ತಟ್ಟಿದ. “ಅಮ್ಮಾ, ಕೆಳಗೆ ಬಿದ್ದಿರೋರು ನಿಮ್ಮ ಜೊತೆ ಬಂದೋರಲ್ವಾ?”

ನಿಮ್ಮ ಕಿರಿದಾದ ಮೆಟ್ಟಿಲಲ್ಲಿ ಸ್ಟ್ರೆಚರ್ ಹೊತ್ತವರಿಗೆ ಕಾಲೂರಲು ಜಾಗವಿರಲಿಲ್ಲ. ಕೊನೆಗೆ ಅಕ್ಕಪಕ್ಕದವರೇ ಅವಳನ್ನು ಅದಕ್ಕೆ ಕಟ್ಟಿ, ತಲೆಗಳ ಮೇಲಿಂದ ಸಾಲಿನಿಂದ ಸಾಲಿಗೆ, ಕೈಯಿಂದ ಕೈಗೆ ದಾಟಿಸಿದರು. ಯಾರೂ ಅವಳನ್ನು ಅಲುಗಾಡಿಸಲಿಲ್ಲ. ಎದುರು ಬದಿಯವರು ಇದೂ ಗೆಲುವಿನ ಕುಣಿತವೆಂದುಕೊಂಡು ಚಪ್ಪಾಳೆ ತಟ್ಟಿದರು. ನಿಮ್ಮ ದೈತ್ಯ ಪರದೆ ಅದನ್ನೂ ತೋರಿಸಿತು. ನಾನು ನಿಂತು ಇಳಿಯಲಾರದೆ, ಕೂತು ಕೂತೇ ಒಂದೊಂದು ಮೆಟ್ಟಿಲು ಜಾರುತ್ತಾ ಅವಳ ಹಿಂದೆ ಹೋದೆ.

ವಾರದ ನಂತರ ನಿಮ್ಮ ಕಚೇರಿಯಿಂದ ಫೋನು ಬಂತು. ಬಹಳ ಸಿಹಿ ದನಿ. ಮುಂದಿನ ಪಂದ್ಯಕ್ಕೆ ಎರಡು ಉಚಿತ ಟಿಕೆಟ್ ಕೊಡುತ್ತೀರಂತೆ, ಅದೇ ಅಂತಸ್ತಿನಲ್ಲಿ. ನಿಮ್ಮ ಔದಾರ್ಯಕ್ಕೆ ಏನೆನ್ನಲಿ!

ಆ ಪಂದ್ಯದ ದಿನ ನಾನು ಆಸ್ಪತ್ರೆಯಲ್ಲಿ ಅಕ್ಕನಿಗೆ ಸೂಪು ಕುಡಿಸುತ್ತಿದ್ದೆ. ಅವಳು ಇನ್ನು ಊರುಗೋಲಿಲ್ಲದೆ ನಡೆಯಲಾರಳೆಂದು ವೈದ್ಯರು ಅಂದು ಬೆಳಿಗ್ಗೆಯಷ್ಟೇ ಹೇಳಿದ್ದರು. ದೂರದಿಂದ ಆ ಗದ್ದಲ ಎದ್ದು ಕಿಟಕಿಯ ಗಾಜನ್ನು ಅದುರಿಸಿತು. ಅಧ್ಯಕ್ಷರೇ, ನನಗೇ ತಿಳಿಯದಂತೆ ನಾನು ಎದ್ದು ನಿಂತಿದ್ದೆ. ಬಟ್ಟಲಿನ ಸೂಪು ಅವಳ ಹೊದಿಕೆಯ ಮೇಲೆ ಚೆಲ್ಲಿತ್ತು.

ಅಕ್ಕ ನನ್ನನ್ನೇ ನೋಡಿದಳು. “ಕೂತ್ಕೊಳ್ಳೇ,” ಎಂದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ನನಗೆ ನಿಮ್ಮ ಟಿಕೆಟ್ ಬೇಡ. ಪ್ರತಿ ಮೆಟ್ಟಿಲಸಾಲಿಗೂ ಕಂಬಿ ಹಾಕಿಸಿ. ಲಿಫ್ಟನ್ನು ನಮ್ಮ ಅಂತಸ್ತಿಗೂ ಏರಿಸಿ. ಅಲ್ಲಿಯವರೆಗೆ ಮೇಲಿನ ಸಾಲುಗಳನ್ನು ಮುಚ್ಚಿ. ಲಕ್ಷಕ್ಕೆ ಕಡಿಮೆಯಾದರೆ ಆಗಲಿ, ಎದುರಾಳಿಗಳು ನಗಲಿ. ಮೊದಲು ನನ್ನ ಜಾಗವನ್ನೇ ಬಿಟ್ಟುಕೊಡುತ್ತೇನೆ. ಇದನ್ನು ಬರೆಯುವಾಗಲೂ ಕೈ ಹಿಂಜರಿಯುತ್ತಿದೆ. ಅದಕ್ಕೇ ಹೇಳುತ್ತಿದ್ದೇನೆ, ಕಂಬಿ ಹಾಕಿಸಿ. ನಮ್ಮಂಥವರ ಕೈಯನ್ನು ನಂಬಿ ಯಾರೂ ಮೆಟ್ಟಿಲು ಇಳಿಯುವಂತಾಗಬಾರದು.

ಇಂತಿ,
ನಿಮ್ಮ ಲಕ್ಷದಲ್ಲಿ ಇನ್ನೂ ಒಬ್ಬಳಾಗಿರುವ
ವರ್ನಾ ಟಿಡ್‌ಮೋರ್
ಕ್ಯಾಲ್ಡರ್ ಸ್ಪ್ರಿಂಗ್ಸ್, ಅಲಬಾಮಾ