ಸಾವಿನ ಮನೆ ಸೇರಬೇಕಾದ ಬೀಗದಕೈ

ಸಣ್ಣ ಸಂಘಗಳಿಗೆ ಸಾಮರ್ಥ್ಯ ತುಂಬುವ ಅಧಿಕಾರಿಗಳೇ,

ನೀವು ನಮ್ಮ ಸಂಘಕ್ಕೆ ಸಾಮರ್ಥ್ಯ ತುಂಬಿದ ಮೂರನೇ ತಿಂಗಳಿಗೆ ನನ್ನ ತಾಯಿ ಕೊಲ್ಲಾಪುರಮ್ಮ ತೀರಿಕೊಂಡರು. ಅವರನ್ನು ಹೊರಲು ಬೇಕಾಗಿದ್ದ ನಮ್ಮದೇ ಚಟ್ಟ ನಮ್ಮದೇ ಬೀಗದ ಹಿಂದೆ ಇತ್ತು. ತೆಗೆಯಲಾಗಲಿಲ್ಲ. ದೂರು ಇಷ್ಟೇ. ಸಾವಿಗೆ ನೀವು ಕಾರಣ ಎನ್ನುತ್ತಿಲ್ಲ. ಅದಕ್ಕೆ ಸಕ್ಕರೆ ಕಾಯಿಲೆ ಇತ್ತು.

ವೈ.ಎನ್.ಹೊಸಕೋಟೆ ಹತ್ತಿರದ ನಮ್ಮ ಕೇರಿಯಲ್ಲಿ ಇಪ್ಪತ್ತೆರಡು ಮನೆ, ಒಂದು ಪುಟ್ಟ ಬುದ್ಧ ವಿಹಾರ, ಪಕ್ಕದಲ್ಲೊಂದು ಕೋಣೆ. ಒಳಗೆ ಕಬ್ಬಿಣದ ಚಟ್ಟ, ದೊಡ್ಡ ಪಾತ್ರೆಗಳು, ಒಲೆ, ಟಾರ್ಪಾಲು. ಯಾರ ಮನೆಯಲ್ಲಿ ಸಾವಾದರೂ ವಿಹಾರದ ಸಂಘದವರು ಗುಂಡಿ ತೋಡುತ್ತಾರೆ, ಮೂರು ದಿನ ಅಡುಗೆ ಮಾಡಿ ಹಾಕುತ್ತಾರೆ. ಕೋಣೆಯ ಬೀಗದಕೈ ಯಾರ ಬಳಿ ಇರುತ್ತದೆ? ಕೊನೆಯದಾಗಿ ಯಾರ ಮನೆಯಲ್ಲಿ ಸಾವಾಯಿತೋ ಅವರ ಬಳಿ. ಮುಂದಿನ ಸಾವಿನವರೆಗೂ ಆ ಕೋಣೆ ಅವರದು. ಅಪ್ಪ ಹೋದಾಗ ಅಮ್ಮ ಒಂದು ವಾರ ಮೂಲೆ ಬಿಟ್ಟು ಎದ್ದಿರಲಿಲ್ಲ. ಬೀಗದಕೈ ಕೊಟ್ಟ ದಿನ ಎದ್ದು ಹೋಗಿ ಪಾತ್ರೆಗಳನ್ನೆಲ್ಲ ಹೊರಗೆ ಹಾಕಿ ತಿಕ್ಕಿದರು. ತಾಳಿ ಇದ್ದ ಜಾಗದಲ್ಲಿ ಎಂಟು ತಿಂಗಳು ಆ ಬೀಗದಕೈ ನೇತಾಡುತ್ತಿತ್ತು.

ಇದು ನಿಮಗೆ ಅವ್ಯವಸ್ಥೆಯಾಗಿ ಕಂಡಿತು. ಮಧುಗಿರಿಯ ತರಬೇತಿಗೆ ನಮ್ಮವರನ್ನೂ, ಶಿರಾದಲ್ಲಿ ಗಂಜಿ ಹಂಚುವವರನ್ನೂ, ತೋವಿನಕೆರೆಯ ಭಜನೆ ಮಂಡಳಿಯವರನ್ನೂ ಕರೆಸಿದ್ದಿರಿ. ನಮ್ಮ ಕೇರಿಯ ಚಿಕ್ಕಲಕ್ಷ್ಮಮ್ಮಜ್ಜಿ ಬೀಗದಕೈ ವಿಷಯ ಹೇಳಿದಾಗ ನೀವು ಕೇಳಿದಿರಂತೆ:

“ಅಲ್ರೀ ಅಜ್ಜಿ, ಅವರೇ ದುಃಖದಲ್ಲಿರ್ತಾರೆ. ಅವರ ತಲೆಗೆ ಜವಾಬ್ದಾರಿ ಕಟ್ತೀರಾ?”

“ದುಕ್ಕ ಐತೆ ಅಂತ್ಲೇ ಕೊಡಾದು ಸಾ. ಸುಮ್ಕೆ ಕುಂತ್ರೆ ಜೀವ ನಿಲ್ತದಾ?”

ಹಾಲ್ ಪೂರ್ತಿ ನಕ್ಕಿತಂತೆ. ನೀವೂ ನಕ್ಕಿರಂತೆ. ಆಮೇಲೆ ಆಸ್ತಿಗೆ ಒಬ್ಬನೇ ಪಾಲಕನಿರಬೇಕು, ಬೇರೆ ಯಾರೂ ಮುಟ್ಟಬಾರದು ಎಂದಿರಿ. ನಮ್ಮ ಸಂಘದ ದೇವರಾಜಣ್ಣ ಪಾಲಕನಾದ. ಹೊಸ ಬೀಗ ಬಂತು. ನೀವು ಕೇಳಿದ್ದು ಬರೀ ಸಹಿ. ನಮ್ಮವರು ತಪ್ಪು ಮಾಡಿದ್ದು ಅಲ್ಲೇ. ಸಹಿಯ ಮೇಲೆ ನಂಬಿಕೆ ಇಲ್ಲದ ಜನ, ವಿಹಾರದಲ್ಲಿ ಪಂಚಶೀಲ ಹೇಳಿ ಮುಗಿಸಿ, ಅದರ ಹಿಂದೆಯೇ ಆ ಮಾತನ್ನೂ ಒಟ್ಟಿಗೆ ಹೇಳಿದರು: ಪಾಲಕನನ್ನು ಬಿಟ್ಟು ಯಾರೂ ಬೀಗ ಮುಟ್ಟುವುದಿಲ್ಲ. ಸಹಿಯಾದರೆ ಹರಿದುಹಾಕಬಹುದಿತ್ತು.

ಅಮ್ಮ ಹೋದ ಮಂಗಳವಾರ ದೇವರಾಜಣ್ಣ ನಿಮ್ಮ ಎರಡನೇ ತರಬೇತಿಯಲ್ಲಿದ್ದ. ಬೀಗದಕೈ ಅವನ ಜೇಬಿನಲ್ಲಿ, ಫೋನು ನಿಮ್ಮ ಬಾಗಿಲ ಬಳಿಯ ಬುಟ್ಟಿಯಲ್ಲಿ. ಅವತ್ತಿನ ಪಾಠ, ತುರ್ತು ಸಂದರ್ಭದಲ್ಲಿ ಸಂಸ್ಥೆಯ ಸ್ಪಂದನೆ. ನಾನು ಗೋದಾಮಿನ ಕೆಲಸಕ್ಕಿರುವ ಹೊಸೂರಿನಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ಹೆಂಗಸರೆಲ್ಲ ಬೀಗದ ಮುಂದೆ ನಿಂತಿದ್ದರು.

“ಒಂದ್ ಕಲ್ಲೇಟು ಸಾಕು, ಒಡುದ್ಬುಡಾನ” ಎಂದೆ.

“ಬ್ಯಾಡ ಕಣ್ಲಾ” ಎಂದರು ಚಿಕ್ಕಲಕ್ಷ್ಮಮ್ಮಜ್ಜಿ. “ನಿಮ್ಮವ್ವನೂ ಮಾತ್ ಕೊಟ್ಟೌಳೆ. ಅವಳ ಮಾತು ಅವಳ ಮುಂದೇನೇ ಮುರೀತೀಯಾ?”

ಪಕ್ಕದ ಮನೆಯ ಮಂಚದ ಮೇಲೆ ಅಮ್ಮನನ್ನು ಹೊತ್ತೆವು. ಅದರ ಕಾಲು ದಾರಿಯುದ್ದಕ್ಕೂ ನನ್ನ ಮೊಣಕಾಲಿಗೆ ತಾಗುತ್ತಿತ್ತು. ಅನ್ನ ಇಪ್ಪತ್ತೊಂದು ಮನೆಯ ಸಣ್ಣ ಪಾತ್ರೆಗಳಲ್ಲಿ ಬಂತು, ಒಂದೊಂದು ಒಂದೊಂದು ಹೊತ್ತಿಗೆ. ತಿಂದೆ. ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಅವತ್ತೇ ಸಂಜೆ ದೇವರಾಜಣ್ಣ ಪ್ರಮಾಣಪತ್ರ ಹಿಡಿದು ಬಸ್ಸಿಳಿದ.

ಸಾಮರ್ಥ್ಯ ಎಂದರೆ ಏನು ಸ್ವಾಮಿ? ಮೊದಲೆಲ್ಲ ಹತ್ತು ನಿಮಿಷದಲ್ಲಿ ಚಟ್ಟ ಹೊರಗೆ ಬರುತ್ತಿತ್ತಲ್ಲ, ಅದಕ್ಕೆ ನಿಮ್ಮ ನಮೂನೆಯಲ್ಲಿ ಒಂದು ಕಲಂ ಇರಲಿಲ್ಲವೇ? ಇರುವ ಶಕ್ತಿ ಯಾವುದೆಂದು ಕೇಳದೆ ಇಲ್ಲದ್ದನ್ನು ತುಂಬಲು ಬಂದಿರಲ್ಲ, ಬಂದವರು ಒಂದು ಸಾವಿನ ಮನೆಯನ್ನಾದರೂ ನೋಡಿದ್ದಿರಾ? ದಾಖಲೆ ಇಡುವುದನ್ನು ಕಲಿಸಿದಿರಿ, ಒಳ್ಳೆಯದೇ, ಅದು ಬೇಕಿತ್ತು. ಆದರೆ ಒಬ್ಬನನ್ನೇ ಪಾಲಕ ಮಾಡಿ, ಅವನನ್ನೂ ಪಾಠಕ್ಕೆ ಕರೆಸಿಕೊಂಡಿರಿ.

ಈಗ ಬೀಗದಕೈ ನನ್ನ ತಂಗಿ ರಾಧಾಮಣಿಗೆ ಬರಬೇಕು. ಅವಳು ಬಾಗಿಲಲ್ಲೇ ಕೂತಿರುತ್ತಾಳೆ. ಅದನ್ನು ತೂಗುಹಾಕಲೆಂದು ಗೋಡೆಗೆ ಮೊಳೆ ಹೊಡೆದಿಟ್ಟಿದ್ದಾಳೆ. ಫೋನ್ ಮಾಡಿದರೆ ಒಂದೇ ಮಾತು: “ಬೀಗದ್ಕೈ ಯಾವಾಗ ಬತ್ತದೆ ಅಣ್ಣ?” ದೇವರಾಜಣ್ಣನನ್ನು ಕೇಳಿದೆ. “ನಂಗೇನ್ ಆಸೆನೇನ್ಲಾ ಇದ್ರ ಮ್ಯಾಲೆ? ಮಾತ್ ಕೊಟ್ಟಿವ್ನಿ. ಆ ಮಾತ್ ಆಡ್ಸಿದೋರೇ ಬಂದು ಬುಟ್ಕೊಡು ಅಂತ ಬಾಯ್ಬುಟ್ಟು ಹೇಳ್ಲಿ, ಅವಾಗ್ಲೇ ಕೊಡ್ತೀನಿ” ಎಂದ. ಹೇಳುತ್ತ ಅತ್ತುಬಿಟ್ಟ. ಅವನಿಗೆ ಅಳು ಬರುತ್ತದೆ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಸುತ್ತೋಲೆ ಬೇಡ, ಮೂರನೇ ತರಬೇತಿ ಬೇಡ. ನೀವೇ ನಮ್ಮ ವಿಹಾರಕ್ಕೆ ಬನ್ನಿ. ಇಪ್ಪತ್ತೆರಡು ಮನೆಯವರ ಮುಂದೆ ನಿಂತು, ಬೀಗದಕೈ ಸಾವಿನ ಮನೆಗೆ ಹೋಗಲಿ ಎಂದು ಹೇಳಿ. ಅರ್ಧ ನಿಮಿಷದ ಮಾತು. ಕೇರಿಯಲ್ಲಿ ಇನ್ನೊಬ್ಬರು ಹಾಸಿಗೆ ಹಿಡಿದಿದ್ದಾರೆ, ಸ್ವಲ್ಪ ಬೇಗ ಬನ್ನಿ.

ಇದು ನಾನು ಕೂತು ಬರೆದದ್ದಲ್ಲ. ಗೋದಾಮಿನ ಪಾಳಿಗಳ ನಡುವೆ ಫೋನಿಗೆ ಹೇಳಿ ಕಳಿಸಿದ್ದು. ಊರಿನ ವನಜಾಕ್ಷಿ ಟೀಚರ್ ಪತ್ರದ ಕನ್ನಡಕ್ಕೆ ತಂದಿದ್ದಾರೆ. ಬೈಗುಳ ತೆಗೆದಿದ್ದಾರೆ.

ಇಂತಿ,
ಬರೀ ಮೊಳೆ ಇರುವ ಮನೆಯ ಮಗ,
ಅಂಜನ್ ಕುಮಾರ್