ಅಪ್ಪನ ಕಾಲಿಗೆ ರೇಷ್ಮೆ ತೇಪೆ

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಮುದ್ದು ಮಗಳೇ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಹೊತ್ತುಹೊತ್ತಿಗೆ ಊಟ ಮಾಡುತ್ತೀಯೋ, ಇಲ್ಲ ಲ್ಯಾಬಿನಲ್ಲಿ ಆ ರೇಷ್ಮೆಗೂಡುಗಳ ಮುಂದೆ ನಿಂತೇ ಬಿಸ್ಕತ್ತು ತಿಂದು ದಿನ ದೂಡುತ್ತೀಯೋ? ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದ್ದದ್ದೇ, ಅದನ್ನು ಬರೆದು ಶಾಯಿ ಯಾಕೆ ಖರ್ಚು ಮಾಡಲಿ? ನಿನ್ನ ಅಪ್ಪನ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ಮಹಾರಾಯರು ಪಕ್ಕದಲ್ಲೇ ಕೂತು ಕಿವಿ ನಿಮಿರಿಸಿಕೊಂಡಿರುತ್ತಾರೆ.

ಇಸ್ತ್ರಿಪೆಟ್ಟಿಗೆ ಬಿದ್ದು ಸುಟ್ಟ ಆ ಪಾದ, ಸಕ್ಕರೆ ಕಾಯಿಲೆಯಿಂದಾಗಿ ಮಾಯದೆ ಸತಾಯಿಸಿದ್ದು ನಿನಗೆ ಗೊತ್ತೇ ಇದೆ. ಆದರೆ ಡಾಕ್ಟರಮ್ಮ ನಿಮ್ಮ ಲ್ಯಾಬಿನ ರೇಷ್ಮೆ ಪೊರೆಯ ಪ್ರಯೋಗಕ್ಕೆ ಇವರನ್ನು ಸೇರಿಸಿಕೊಳ್ಳುತ್ತೇನೆಂದಾಗ ಮನೆಯಲ್ಲಿ ನಡೆದ ರಂಪ ನಿನಗೆ ಗೊತ್ತಿಲ್ಲ. "ಆಯುಷ್ಯವೆಲ್ಲಾ ರೇಷ್ಮೆ ಹೊಲಿದಿದ್ದೀನಿ. ಅದನ್ನ ಉಟ್ಕೊಳ್ತಾರೆ ಕಣೇ, ಹುಣ್ಣಿಗೆ ಅಂಟಿಸ್ಕೊಳ್ಳಲ್ಲ" ಎಂದು ಕೂಗಾಡಿದರು. ಗೂಡು ಬೇಯಿಸಿ, ಅಂಟು ತೆಗೆದು, ಎಳೆಯನ್ನೇ ಕರಗಿಸಿ, ಉಳಿದ ಪ್ರೋಟೀನನ್ನು ತೆಳ್ಳಗೆ ಒಣಗಿಸುತ್ತಾರೆ, ಅದರ ಆಸರೆಯಲ್ಲಿ ಹೊಸ ಚರ್ಮ ಹಬ್ಬುತ್ತದೆ ಎಂದು ನೀನು ಹೇಳಿಕೊಟ್ಟದ್ದನ್ನೆಲ್ಲ ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದೆ. "ಎಳೆ ಕರಗಿಸೋದಾ? ದರ್ಜಿ ಮಗಳು ಮಾಡೋ ಕೆಲಸವಾ ಅದು!" ಎಂದರು. ಕೊನೆಗೆ ಒಪ್ಪಿಕೊಂಡರು. ಹೊಲಿಗೆ ಮೆಷಿನ್ನು ತುಳಿಯುವುದು ಆ ಕಾಲಿನಿಂದಲೇ ಅಲ್ಲವೇ? ಅದು ಹೋದರೆ ಈ ಮನುಷ್ಯ ಉಳಿದಾರೇ?

ಪೊರೆ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾಗಿತ್ತು. "ಚರ್ಮ ಬಂದ ಹಾಗೆ ಅದು ತಾನಾಗೇ ಅಂಚಿನಿಂದ ಬಿಟ್ಕೊಳ್ಳತ್ತೆ. ನೀವು ಮಾತ್ರ ಮುಟ್ಟಬೇಡಿ" ಎಂದು ಡಾಕ್ಟರಮ್ಮ ಮತ್ತೆ ಮತ್ತೆ ಹೇಳಿದ್ದರು. ಗಾಯ ದಿನೇದಿನೇ ಕಿರಿದಾಯಿತು, ಸುತ್ತಲೂ ತಿಳಿಗೆಂಪು ಚರ್ಮ ಬಂತು. ನಿನ್ನ ಅಪ್ಪ ಬಂದ ಗಿರಾಕಿಗಳಿಗೆಲ್ಲ ಕಾಲು ಚಾಚಿ ತೋರಿಸಿ, "ನಮ್ಮ ಹುಡುಗಿ ಕೈಕೆಲಸ" ಎಂದು ಬೀಗುವುದೇನು! ಬುಧವಾರ ಪೊರೆಯ ಒಂದು ಅಂಚು ಎದ್ದಿತು. ಸಡಿಲ ನೂಲು ಕಂಡರೆ ಇವರ ಕೈ ಸುಮ್ಮನಿರುತ್ತದೆಯೇ? ಹೊಸ ಬೀಗರ ತೋಳಿನಲ್ಲಿ ನೂಲು ಜೋತಿದ್ದಾಗ ಮಾತಿನ ನಡುವೆಯೇ ಕೈಹಾಕಿ ಕಿತ್ತ ಪುಣ್ಯಾತ್ಮರು. ನಾನು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಅಂಚು ಹಿಡಿದು ಎಳೆದೇಬಿಟ್ಟಿದ್ದರು. ಪೊರೆಯ ಜೊತೆ ಎಳೆ ಚರ್ಮವೂ ಕಿತ್ತು ಬಂದು ನೆಲದ ಮೇಲೆಲ್ಲ ರಕ್ತ. "ಅಂಚು ಸರಿ ಮಾಡ್ತಿದ್ದೆ ಕಣೇ" ಎಂದರು, ಮುಖ ಸುಣ್ಣವಾಗಿತ್ತು. ಬಾಯಿಗೆ ಬಂದಂತೆ ಬೈದೆ. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ.

ಸದ್ಯ ಕೀವಾಗಿಲ್ಲ. ಅಲ್ಲಿಯತನಕ ಮಾಮೂಲಿ ಪಟ್ಟಿ ಕಟ್ಟಿ, ಮುಂದಿನ ವಾರದ ಗುರುವಾರ ಇನ್ನೊಂದು ಪೊರೆ ಹಾಕೋಣ ಎಂದಿದ್ದಾರೆ ಡಾಕ್ಟರಮ್ಮ. ಗಾಯ ಹೀಗೇ ತೆರೆದಿದ್ದು ಮೂಳೆಗೆ ಇಳಿದರೆ ಪಾದದ ಮುಂಭಾಗ ತೆಗೆಯಬೇಕಾಗುತ್ತದಂತೆ. ಇವರೋ ಇನ್ನೊಂದು ಪೊರೆ ಬೇಡವೇ ಬೇಡ ಎಂದು ಹಟ ಹಿಡಿದಿದ್ದಾರೆ. "ಮಗು ಕಷ್ಟಪಟ್ಟು ಮಾಡಿದ್ದನ್ನ ಒಂದ್ಸಲ ಹಾಳು ಮಾಡಿದ್ದೇ ಸಾಕು. ನನ್ನ ಕೈ ನನ್ನ ಮಾತು ಕೇಳಲ್ಲ" ಎನ್ನುತ್ತಾರೆ. ಮೆಷಿನ್ನಿಗೆ ಹೊದಿಕೆ ಹಾಕಿ ಗೋಡೆ ಕಡೆ ಮುಖ ಮಾಡಿ ಮಲಗುತ್ತಾರೆ. ನನಗೆ ತುಂಬ ಭಯವಾಗುತ್ತಿದೆ ಮಗಳೇ. ನೀನಾದರೂ ಎರಡು ಮಾತು ಬರೆದು ಬುದ್ಧಿ ಹೇಳು.

ನೂರು ಕಾಲ ಸುಖವಾಗಿರು. ನಿನ್ನ ಜೊತೆ ಇರುವ ಆ ಉದ್ದ ಜಡೆಯ ಹುಡುಗಿಯನ್ನೂ ಕೇಳಿದೆನೆಂದು ಹೇಳು.

ನಿನ್ನ
ಅಮ್ಮ

ಮರೆತೆ: ಅಲ್ಲ, ಮರೆತದ್ದಲ್ಲ, ಈಗಷ್ಟೇ ಆದದ್ದು. ಲಕೋಟೆ ಅಂಟಿಸುತ್ತಿದ್ದೆ, ಕುಂಟುತ್ತಾ ಬಂದು ಹಿಂದೆ ನಿಂತರು. ಬುದ್ಧಿ ಹೇಳುವುದು ಬೇಡ, ರಜೆ ಹಾಕಿ ಬಾ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ: "ಡಾಕ್ಟ್ರು ಹಾಕಲಿ, ಹಾಕಿಸ್ಕೊಳ್ತೀನಿ. ಅವಳು ನಾಲ್ಕು ದಿನ ನನ್ನೆದುರಿಗೆ ಕೂತಿರ್ಲಿ ಅಷ್ಟೇ. ಅವಳು ಮಾಡಿದ್ದನ್ನ ಅವಳ ಕಣ್ಮುಂದೆ ಕೀಳೋಕೆ ನನಗೆ ಕೈ ಬರಲ್ಲ."